ಎಲ್ಲಿಗಿ ಹೊಂಟದ ಸವಾರಿ?

ಯಾರಾದರೂ ದೆವ್ವ, ಶಕುನ ಎಂದು ಮಾತು ತೆಗೆದರೆ ಎದ್ದು ಹೋಗಿ ಪಾತ್ರೆ ತೊಳೆಯಲು ನಿಲ್ಲುವವಳು ನಾನು. ಲಂಡನ್ನಿನ ಎಜ್‌ವೇರ್‌ನಲ್ಲಿ ನಾವು ನಾಲ್ಕಾರು ಕನ್ನಡದ ಮನೆಯವರು ಸೇರಿದಾಗ, ಊಟವಾದ ಮೇಲೆ ಇಂಥ ಕತೆ ಒಂದಾದರೂ ಬಂದೇ ಬರುತ್ತದೆ. "ಇವಳ ಮುಂದೆ ಹೇಳಬೇಡಿ, ಜಗಳಕ್ಕೇ ಬರ್ತಾಳೆ" ಎಂದು ನನ್ನ ಗಂಡ ನಗುತ್ತಾರೆ. ಅಂಥವಳು ಈಗ ಇದನ್ನು ಬರೆಯಲು ಕುಳಿತಿದ್ದೇನೆ. ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೆ.

ಕೆಲವು ವರ್ಷಗಳ ಹಿಂದೆ ಧಾರವಾಡದಿಂದ ನನ್ನ ಅಕ್ಕ ನಮ್ಮಲ್ಲಿಗೆ ಬಂದಿದ್ದಳು. ಅದರ ಹಿಂದಿನ ವರ್ಷ ಭಾವ ತೀರಿಕೊಂಡಿದ್ದರು. ನಿವೃತ್ತಿಯಾದ ಮೇಲೆ ಇಬ್ಬರೂ ಜಪಾನಿಗೆ ಹೋಗಬೇಕೆಂದು ಭಾವನಿಗೆ ಬಹಳ ಆಸೆಯಿತ್ತು. ಚಾಪ್‌ಸ್ಟಿಕ್ ಹಿಡಿಯುವುದನ್ನು ಕಲಿಯಲು ಎರಡು ಪೆನ್ಸಿಲ್ ಹಿಡಿದು ಚುರುಮುರಿ ಎತ್ತುತ್ತಿದ್ದರು, ಅಕ್ಕನಿಂದಲೂ ಎತ್ತಿಸುತ್ತಿದ್ದರು. ಟಿಕೆಟ್ಟೂ ಆಗಿತ್ತು. ಪ್ರಯಾಣಕ್ಕೆ ಇನ್ನೇನು ಸ್ವಲ್ಪ ದಿನ ಇರುವಾಗ ಅಕ್ಕ ಸಾಮಾನು ತರಲು ಮಾರ್ಕೆಟ್ಟಿಗೆ ಹೋದಳು. ಬರುವಷ್ಟರಲ್ಲಿ ಭಾವ ಕುರ್ಚಿಯಲ್ಲೇ ಹೋಗಿಬಿಟ್ಟಿದ್ದರು.

ಇಲ್ಲೊಂದು ವಿಷಯ ಹೇಳಬೇಕು. ಹೊರಗೆ ಹೊರಟವರನ್ನು "ಎಲ್ಲಿಗೆ" ಎಂದು ಕೇಳಬಾರದು ಎಂಬುದು ನಿಮಗೂ ಗೊತ್ತಿರುತ್ತದೆ. ನಮ್ಮ ಅಕ್ಕನಿಗೆ ಅದು ಕಾಯಿದೆ. ಯಾರಾದರೂ ಕೇಳಿದರೆ ಮುಗಿಯಿತು, ಚಪ್ಪಲಿ ಬಿಟ್ಟು ಒಳಗೆ ಬಂದು, ಕೂತು, ನೀರು ಕುಡಿದು, ಆಮೇಲೆಯೇ ಹೊರಡಬೇಕು. ಭಾವನಿಗೆ ಇದು ಚೆನ್ನಾಗಿ ಗೊತ್ತಿತ್ತು. ಬೇಕೆಂದೇ, ಅವಳು ಚಪ್ಪಲಿ ಮೆಟ್ಟುವುದನ್ನೇ ಕಾದು, ಪಡಸಾಲೆಯ ಕುರ್ಚಿಯಿಂದ "ಎಲ್ಲಿಗಿ ಹೊಂಟದ ಸವಾರಿ?" ಎನ್ನುತ್ತಿದ್ದರು. ಅಕ್ಕ ಬೈದುಕೊಳ್ಳುತ್ತ ಒಳಗೆ ಬಂದು ಕೂರುತ್ತಿದ್ದಳು. ಹೆಂಡತಿ ಇನ್ನೊಂದಿಷ್ಟು ಹೊತ್ತು ಎದುರಿಗಿದ್ದಳಲ್ಲ ಎಂದು ಆ ಮನುಷ್ಯನಿಗೆ ಖುಷಿ.

ಅವತ್ತು ಮಾತ್ರ ಅವರು ಕೇಳಲಿಲ್ಲವಂತೆ.

"ಅವತ್ತೊಂದ ದಿನ ಕೇಳಲಿಲ್ಲ ನೋಡ. ಕೇಳಿದ್ರ ನಾ ಕೂತು ನೀರ ಕುಡದು ಹೋಗತಿದ್ದೆ. ಅಷ್ಟರಾಗ ಗೊತ್ತಾಗತಿತ್ತು. ಅವರೊಬ್ಬರನ್ನ ಬಿಟ್ಟು ಹೋಗತಿರಲಿಲ್ಲ." ನನ್ನ ಅಡುಗೆಮನೆಯಲ್ಲಿ ಕೂತು ಅಕ್ಕ ದಿನಾ ಇದನ್ನೇ ಹೇಳುತ್ತಿದ್ದಳು. ನನ್ನ ಗಂಡ ಡಾಕ್ಟರು. ನೀವು ಇದ್ದಿದ್ದರೂ ಏನೂ ಮಾಡಲಾಗುತ್ತಿರಲಿಲ್ಲ ಎಂದು ಎಷ್ಟು ಬಿಡಿಸಿ ಹೇಳಿದರೂ ಹೂಂ ಎನ್ನುವಳು, ಮರುದಿನ ಚಹಾದ ಹೊತ್ತಿಗೆ ಮತ್ತೆ ಅದೇ. ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿದಿತ್ತು. ಪಾಪ ಅನ್ನಿಸುತ್ತಿತ್ತು, ರೇಗುತ್ತಲೂ ಇತ್ತು. ಊರಿಗೆ ಹೋಗುವ ಮೊದಲು ಇವಳು ಒಂದು ದಿನವಾದರೂ ಅದನ್ನು ಬಿಟ್ಟು ನಗಲಿ ಎಂದು, ರಜೆ ಹಾಕಿ, ಲಂಡನ್ನಿನಲ್ಲೇ ಜಪಾನ್ ತೋರಿಸುತ್ತೇನೆಂದು ಹೊರಡಿಸಿದೆ.

ಬಾಗಿಲಲ್ಲೇ ವಿಘ್ನ. ನನ್ನ ಮಗಳಿಗೆ ಕನ್ನಡ ತಿಳಿಯುತ್ತದೆ, ಬಾಯಲ್ಲಿ ಬರುವುದು ಇಂಗ್ಲಿಷೇ. ಮೆಟ್ಟಿಲಿಳಿಯುತ್ತ ಇಂಗ್ಲಿಷಿನಲ್ಲಿ "ಎಲ್ಲಿಗೆ?" ಎಂದು ಕೇಳಿಬಿಟ್ಟಳು. ಅಕ್ಕ ಒಂದು ಕ್ಷಣ ಯೋಚಿಸಿ, "ಇಂಗ್ಲಿಷ್‌ನ್ಯಾಗ ಕೇಳಿದ್ರ ನಡೀತದ" ಎಂದು ತೀರ್ಪು ಕೊಟ್ಟಳು. ಸದ್ಯ, ಬದುಕಿದೆ!

ಆದರೆ ಆ ದಿನವೇನೂ ಸುಖವಾಗಿ ಸಾಗಲಿಲ್ಲ. ಟ್ಯೂಬ್ ರೈಲಿನಲ್ಲಿ ಇಡೀ ದಾರಿ ಅಕ್ಕ ಮಡಿಲಲ್ಲಿ ಚಪಾತಿ ಡಬ್ಬಿ ಹಿಡಿದು ಕೂತಳು. ಜಪಾನೀ ಪಿಂಗಾಣಿ ಅಂಗಡಿಯಲ್ಲಿ ಬಟ್ಟಲನ್ನು ತಿರುಗಿಸಿ ನೋಡಿ, "ನಮ್ಮ ಖಾನಾಪುರದಾಗ ಇದಕಿಂತ ಛಲೋ ಮಾಡತಾರ" ಎಂದಳು. ದಿನಸಿ ಅಂಗಡಿಯಲ್ಲಿ ಪ್ರತಿ ಪೊಟ್ಟಣಕ್ಕೂ "ಇದರಾಗ ಮೀನ ಅದ ಏನು?" ಕೊನೆಗೆ ಸೌತೆಕಾಯಿ ಹಾಕಿದ ಅನ್ನದ ಸುರುಳಿಗಳ ಡಬ್ಬಿಯೊಂದನ್ನು ಕೊಂಡೆ. ಒಳಗೆ ಸಿಹಿ ಕಾಳಿನ ಹೂರಣ ತುಂಬಿದ, ಅಕ್ಕಿಹಿಟ್ಟಿನ ಮೆತ್ತನೆಯ ಉಂಡೆಯನ್ನು ಬಾಯಿಗಿಟ್ಟರೆ, "ಇದು ಕಡುಬ ಅದ. ಇದಕ್ಕ ಅಷ್ಟ ದೂರ ಹೋಗಬೇಕಿತ್ತೇನು?" ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ನಗಿಸಲು ಕರೆತಂದರೆ ಇವಳು ಅಂಗಡಿಯ ನಡುವೆ ಅಳುತ್ತಾಳಲ್ಲ ಎಂದು ಹಣೆ ಚಚ್ಚಿಕೊಳ್ಳುವಂತಾಯಿತು.

ಅಲ್ಲಿಂದ ಹಾಲೆಂಡ್ ಪಾರ್ಕಿಗೆ ಹೋದೆವು. ಅಲ್ಲೊಂದು ಜಪಾನೀ ತೋಟವಿದೆ. ಸಣ್ಣ ಜಲಪಾತ, ಕೊಳ, ಕೊಳದಲ್ಲಿ ಕೆಂಪು ಬಿಳಿ ಮೀನುಗಳು. ಅಕ್ಕ ನಿಂತಲ್ಲಿಂದಲೇ ಒಂದು ಸಲ ಕಣ್ಣು ಹಾಯಿಸಿ, "ಚಂದ ಅದ. ನಡಿ" ಎಂದಳು. ನನಗೆ ಉರಿದುಹೋಯಿತು. ಹೇಗೂ ಹತ್ತಿರದ ಹೋಟೆಲಿನಲ್ಲಿ ಊಟಕ್ಕೆ ಟೇಬಲ್ ಕಾದಿರಿಸಿದ್ದೆ. ಅಲ್ಲಿಯಾದರೂ ಬಾಯಿ ಮುಚ್ಚಿ ತಿನ್ನಲಿ ಎಂದು ಗೇಟಿನ ಕಡೆ ದುಡುದುಡು ನಡೆದೆ. ಅಕ್ಕ ನನ್ನ ಹಿಂದೆ.

"ಎಲ್ಲಿಗಿ ಹೊಂಟದ ಸವಾರಿ?"

ಗಂಡಸಿನ ದನಿ. ಜೋರಾಗೇನೂ ಇರಲಿಲ್ಲ. ಕುರ್ಚಿಯಲ್ಲಿ ಆರಾಮಾಗಿ ಕೂತವರು ಕೇಳುವ ಹಾಗೆ, ತೀರ ಹತ್ತಿರದಿಂದ. ಮೊದಲು ನಿಂತವಳು ಅಕ್ಕ ಅಲ್ಲ, ನಾನು. ಇದನ್ನು ಒತ್ತಿ ಹೇಳುತ್ತೇನೆ. ನಮ್ಮ ಕಡೆಯ ಯಾರೋ ಪ್ರವಾಸಿಗರು ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ಸಿಟ್ಟಿನಿಂದಲೇ ತಿರುಗಿದೆ. ಅಕ್ಕನ ಹಿಂದೆ ಖಾಲಿ ದಾರಿ, ಖಾಲಿ ಬೆಂಚು. ಅದರಾಚೆಯ ಬೆಂಚಿನಲ್ಲಿ ಸ್ಯಾಂಡ್‌ವಿಚ್ ತಿನ್ನುತ್ತಿದ್ದ ಇಂಗ್ಲಿಷ್ ಮುದುಕಿ ನನ್ನನ್ನು ನೋಡಿ, "ಅವರು ನಿಮ್ಮನ್ನೇ ಕರೀತಿರೋದು ಅನ್ನಿಸುತ್ತೆ" ಎಂದು ಇಂಗ್ಲಿಷಿನಲ್ಲಿ ಹೇಳಿ, ಪಕ್ಕದ ಆ ಖಾಲಿ ಬೆಂಚಿನತ್ತ ಕೈ ತೋರಿಸಿದಳು. ಆಮೇಲೆ ತಾನೂ ಅತ್ತ ನೋಡಿದಳು. ಕೈ ಮೆಲ್ಲಗೆ ಕೆಳಗಿಳಿಸಿದಳು.

ಅಕ್ಕ ಹುಡುಕಲೂ ಇಲ್ಲ, ಹೆದರಲೂ ಇಲ್ಲ. "ಕೇಳಿದ್ರು" ಎಂದಳು. ನೆಟ್ಟಗೆ ಹೋಗಿ ಆ ಖಾಲಿ ಬೆಂಚಿನ ಮೇಲೆ ಕೂತು ಚೀಲದಿಂದ ನೀರಿನ ಬಾಟಲಿ ತೆಗೆದಳು.

ನನ್ನ ಬಾಯಿಂದ ಬಂದದ್ದು, "ಅಕ್ಕಾ, ಊಟಕ್ಕ ಹೊತ್ತಾಗತದ!"

"ಸುಮ್ನ ಕೂಡು. ಕೇಳ್ಯಾರ. ನೀರ ಕುಡದು ಹೋಗೂಣು." ನೀರು ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು. ಆಮೇಲೆ ಪಕ್ಕಕ್ಕೆ ತಿರುಗಿ, ಮೂವತ್ತು ವರ್ಷ ಬೈದ ಅದೇ ದನಿಯಲ್ಲಿ, "ಹೊರಗ ಹೊಂಟವರನ್ನ ಹಿಂಗ ಕೇಳಬಾರದಂತ ಎಷ್ಟ ಸಲ ಹೇಳೀನಿ ನಿಮಗ?" ಎಂದಳು. ಹೇಳಿ ನಕ್ಕಳು. ಆ ನಗುವನ್ನು ನಾನು ಕೇಳಿ ಎಷ್ಟು ಕಾಲವಾಗಿತ್ತೋ! ನನಗೇ ಅಳು ಬಂತು.

ಟೇಬಲ್ ಹೋಯಿತು. ಅಲ್ಲೇ ಕೂತು ಡಬ್ಬಿ ಬಿಚ್ಚಿದೆವು. ಅಕ್ಕ ಅಂಗಡಿಯವರು ಕೊಟ್ಟಿದ್ದ ಚಾಪ್‌ಸ್ಟಿಕ್ಕಿನಲ್ಲಿ ಅನ್ನದ ಸುರುಳಿಗಳನ್ನು ಒಂದೂ ಬೀಳಿಸದೆ ಎತ್ತಿ ತಿಂದಳು. ನನ್ನವು ಮತ್ತೆ ಮತ್ತೆ ಸೀರೆಯ ಮೇಲೆ ಬಿದ್ದವು. ಮೀನುಗಳನ್ನು ನೋಡುತ್ತ ಬಹಳ ಹೊತ್ತು ಕೂತಿದ್ದಳು. "ಅವತ್ತೊಂದ ದಿನ ಕೇಳಲಿಲ್ಲ" ಎಂಬ ಮಾತನ್ನು ಆಮೇಲೆ ಅವಳು ಆಡಲೇ ಇಲ್ಲ.

ಇಬ್ಬರ ತಲೆಯಲ್ಲೂ ಅದೇ ಮಾತು ಕೂತಿತ್ತು, ಹಾಗಾಗಿ ಕಿವಿಗೆ ಕೇಳಿಸಿತು ಎಂದರು ನನ್ನ ಗಂಡ. ಸರಿ, ಆ ಮುದುಕಿಗೆ ಹೇಗೆ ಕೇಳಿಸಿತು ಎಂದೆ. ಯಾವುದೋ ರೆಕಾರ್ಡಿಂಗ್ ಎನ್ನೋಣವೆಂದರೆ, ಅವತ್ತು ಅಕ್ಕನ ಫೋನು ಮನೆಯಲ್ಲೇ ಇತ್ತು. ನನ್ನ ಫೋನಿನಲ್ಲಿ ಭಾವನ ದನಿ ಎಂದೂ ಇರಲಿಲ್ಲ. ಒಂದು ದಿನ ನಾನೊಬ್ಬಳೇ ಆ ತೋಟಕ್ಕೆ ಹೋಗಿ, ಅದೇ ದಾರಿಯಲ್ಲಿ ಹುಚ್ಚಿಯ ಹಾಗೆ ನಡೆದು, ನಿಂತು, ಮತ್ತೆ ನಡೆದೆ. ಎಲ್ಲೋ ಆ ಪಾರ್ಕಿನ ಸಾಕು ನವಿಲು ಕೂಗಿತು, ಅಷ್ಟೆ. ಅದೇನೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಗೊತ್ತಿಲ್ಲವಲ್ಲ ಎಂದೇ ನನಗೆ ಸಿಟ್ಟು.

ಅಕ್ಕ ಊರಿಗೆ ಹೊರಟ ದಿನ ವಿಮಾನ ನಿಲ್ದಾಣದಲ್ಲಿ ಚೀಲ ಹೆಗಲಿಗೇರಿಸಿ, ನನ್ನ ಕೆನ್ನೆ ಸವರಿ, ತಪಾಸಣೆಯ ಸಾಲಿನತ್ತ ನಡೆದಳು. ಸುಖವಾಗಿ ಹೋಗಿ ಬಾ ಎಂದು ಹೇಳಬೇಕೆಂದೇ ನಾನು ಬಾಯಿ ತೆರೆದದ್ದು.

"ಎಲ್ಲಿಗಿ ಹೊಂಟದ ಸವಾರಿ?"

ಅಕ್ಕ ನಿಂತಳು. ತಿರುಗಿ ನನ್ನನ್ನು ದುರುಗುಟ್ಟಿ ನೋಡಿದಳು. "ಈಗ ನೀನೂ ಶುರು ಮಾಡಿದೇನು?" ಎಂದು ಬೈಯುತ್ತ ವಾಪಸು ಬಂದು, ನನ್ನ ಪಕ್ಕದ ಕುರ್ಚಿಯಲ್ಲಿ ಕೂತು, ನೀರಿಗೆ ಕೈ ಚಾಚಿದಳು.