ಗೌರಮ್ಮನವರ ಬಸ್ಸಾರು

ಉಪ್ಪಿನ ಡಬ್ಬಿಗೆ ಬೀಗ ಹಾಕಿದ ಹೆಂಗಸು ಅಂತ ನಾನು ನೋಡಿದ್ದು ಒಬ್ಬರನ್ನೇ, ಬಸವೇಶ್ವರನಗರದ ನಮ್ಮ ಮನೆ ಓನರ್ ಗೌರಮ್ಮ. ಎಂಬತ್ತರ ದಶಕದ ಮಾತು. ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು, ಒಂಟಿ, ಅವರ ಹಿಂದಿನ ಪೋರ್ಷನ್ನಿನಲ್ಲಿ ಬಾಡಿಗೆಗಿದ್ದೆ.

ಅವರ ಯಜಮಾನರು ಚನ್ನಪ್ಪನವರಿಗೆ ಕಿಡ್ನಿ ಕೆಟ್ಟಿತ್ತು. ಉಪ್ಪು ಬೇಡ, ಎಳನೀರು ಬೇಡ, ಸೊಪ್ಪು ತರಕಾರಿ ಬೇಯಿಸಿ ನೀರು ಬಸಿದು ಕೊಡಿ ಅಂದಿದ್ದರು ಡಾಕ್ಟರು. ಅವತ್ತಿನಿಂದ ಗೌರಮ್ಮ ಪೊಲೀಸಾಗಿಬಿಟ್ಟರು. ಎಳನೀರು ಹಿಡಿದು ನೋಡಲು ಬಂದ ನಾದಿನಿಯನ್ನು ಗೇಟಿನಲ್ಲೇ ತಡೆದು, "ನಿಮ್ಮಣ್ಣ ಸಾಯ್ಲಿ ಅಂತ ಬಂದ್ಯೇನೇ?" ಅಂದರು. ಚನ್ನಪ್ಪನವರು ಕದ್ದು ಉಪ್ಪಿನಕಾಯಿ ನೆಕ್ಕಿದ ದಿನವಂತೂ ಬೀದಿಗೆಲ್ಲ ಕೇಳುವ ಹಾಗೆ, "ನಾಚಿಕೆ ಆಗಲ್ವಾ? ಆ ನಾಲಿಗೆ ಸುಟ್ಟೋಗ!" ಅಪ್ಪಾ, ಆ ಬಾಯೇ! ನಾನು ನನ್ನ ಪೋರ್ಷನ್ನಿನಲ್ಲಿ ಕೂತು ನಗುತ್ತಿದ್ದೆ, ಪಾಪಿ.

ದಿನಾ ಸೊಪ್ಪು, ಕಾಳು ಬೇಯಿಸಿ ಹನಿ ಉಳಿಯದ ಹಾಗೆ ಬಸಿಯುತ್ತಿದ್ದರು. ಬೆಂದ ಸೊಪ್ಪು ಪಲ್ಯವಾಗುತ್ತಿತ್ತು. ಬಸಿದ ಕಟ್ಟು? ನಮ್ಮ ಕಡೆ ಅದನ್ನ ಯಾರಾದರೂ ಚೆಲ್ಲುತ್ತಾರಾ! ಖಾರ ರುಬ್ಬಿ ಹಾಕಿ ಬಸ್ಸಾರು. ಗಂಡನಿಗೆ ಮುದ್ದೆ ಜೊತೆ ಉಪ್ಪಿಲ್ಲದ್ದು, ನನಗೆ ಉಪ್ಪು ಹಾಕಿದ್ದು ಒಂದು ಬಟ್ಟಲು. "ಸತ್ವ ಎಲ್ಲಾ ಕಟ್ಟಲ್ಲೇ ಇರತ್ತೆ ಗೌರಮ್ಮ," ಅಂತ ಚಪ್ಪರಿಸಿಕೊಂಡು ಹೇಳಿದವನೂ ನಾನೇ.

ಮೈಯೆಲ್ಲ ಊದಿ ಚನ್ನಪ್ಪನವರನ್ನು ಆಸ್ಪತ್ರೆಗೆ ಸೇರಿಸಿದಾಗ ಜೊತೆಗೆ ಹೋಗಿದ್ದೆ. ಡಾಕ್ಟರು ಊಟದ ವಿಚಾರ ಕೇಳಿದರು. ಗೌರಮ್ಮ ಹೆಮ್ಮೆಯಿಂದಲೇ ಎಲ್ಲ ಹೇಳಿದರು.

"ಬಸಿದ ನೀರನ್ನೇ ಕೊಟ್ರಾ? ಕಿಡ್ನಿಗೆ ಆಗದ್ದೆಲ್ಲ ಆ ನೀರಿಗೇ ಇಳಿಯೋದಮ್ಮ! ಅದನ್ನ ಚೆಲ್ಲಬೇಕಿತ್ತು."

ಮಂಚದ ಮೇಲಿಂದ ಚನ್ನಪ್ಪನವರು ನಕ್ಕರು. "ಹೆಂಗೂ ಸಾಯಿಸೋಳು, ಒಂದು ಹರಳು ಉಪ್ಪು ಹಾಕಿ ಸಾಯಿಸಬಾರದಿತ್ತೇನೇ?" ಮೂರನೆಯ ದಿನ ಹೋಗಿಬಿಟ್ಟರು.

ಎರಡು ತಿಂಗಳಿಗೆ ನಾನು ಮನೆ ಖಾಲಿ ಮಾಡಿದೆ. ಹೇಳಿಹೋಗೋಣ ಅಂತ ಬಾಗಿಲಿಗೆ ಹೋದರೆ ಗೌರಮ್ಮ ಒಳಗೆ ಕರೆಯಲಿಲ್ಲ.

"ನಾನು ಓದಿದೋಳಲ್ಲ ಮೇಷ್ಟ್ರೇ," ಅಂದರು. "ನೀವು ಮಕ್ಕಳಿಗೆ ಪಾಠ ಹೇಳೋರು. ದಿನಾ ನನ್ನ ಕೈಯಡುಗೆ ಉಂಡ್ರಿ. ಒಂದು ಮಾತು ಹೇಳಬಾರದಿತ್ತಾ?"

"ಹೊಳೀಲಿಲ್ಲ ಗೌರಮ್ಮ," ಅಂದೆ.

ಸುಳ್ಳು. ಒಂದು ದಿನ ಊಟದ ನಡುವೆಯೇ ಹೊಳೆದಿತ್ತು. ಹೇಳಿದರೆ ಕಟ್ಟು ಚರಂಡಿಗೆ ಹೋಗುತ್ತೆ, ನನ್ನ ಬಟ್ಟಲು ನಿಂತುಹೋಗುತ್ತೆ ಅಂತ ಸುಮ್ಮನೆ ಉಂಡೆದ್ದೆ.