ಮೊದಲೇನಿತ್ತು, ಈಗೇನೈತಿ

ಚಹಾ ಕೊಟ್ಟರೂ ಬೀರಪ್ಪ ಕಪ್ಪಿನೊಳಗೆ ಇಣುಕಿ ಕೇಳುತ್ತಿದ್ದ: "ಅಕ್ಕಾರ, ಮೊದಲೇನಿತ್ತು, ಈಗೇನೈತಿ?" ಸಕ್ಕರೆ ಒಂದಿಷ್ಟು ಕಡಿಮೆಯಾದರೂ ಅವನ ನಾಲಿಗೆಗೆ ತಿಳಿಯುತ್ತಿತ್ತು. "ಚಹಾ ಕುಡಿಯಾಕ ಬಂದೀಯೋ, ಪಂಚನಾಮೆ ಮಾಡಾಕ ಬಂದೀಯೋ?" ಎಂದು ನಾನು ಬೈದರೆ ಕೆಳದುಟಿ ಕಚ್ಚಿ ನಗುತ್ತಿದ್ದ.

ನಾನು ತೆಲಂಗಾಣದ ಗಡಿಯ ಮಖ್ತಲಿನ ಒಂದು ಸಣ್ಣ ದವಾಖಾನೆಯಲ್ಲಿ ಬಂದವರ ಹೆಸರು ಬರೆದುಕೊಳ್ಳುವವಳು. ಬೀರಪ್ಪ ಗುಂಡುಮಾಲ್ ಕಡೆಯ ಕುರಿ ಕಾಯುವ ಮನೆತನದವನು. ನಾರಾಯಣಪೇಟೆಯ ಸೀರೆ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಕೂತು ಗದ್ವಾಲದ ಬೀಜದ ಅಂಗಡಿಗೂ ನಮ್ಮ ದವಾಖಾನೆಗೂ ಕಂಪ್ಯೂಟರ್ ಪ್ರೋಗ್ರಾಮ್ ಬರೆಯುತ್ತಿದ್ದ.

"ಒಳಗ ಸೆಷನ್ ಅಂತ ಒಬ್ಬ ಕಾವಲುಗಾರ ಇರ್ತಾನ್ರಿ," ಎನ್ನುತ್ತಿದ್ದ. "ನೀವು ಪೇಷಂಟಿನ ಹೆಸರು ತೆರೆದ ಕೂಡ್ಲೇ ಮೊದಲು ಹೆಂಗಿತ್ತು ಅಂತ ನೆಪ್ಪಿಟ್ಕೊಂತಾನ. ಉಳಿಸು ಅಂದಾಗ ಹೋಲಿಸಿ ನೋಡಿ, ಬದಲಾಗಿದ್ದಷ್ಟೇ ಡೇಟಾಬೇಸಿಗೆ ಬರೀತಾನ. ಅಲ್ಲೀತನಕ ಒಳಗ ಹಳೇದೇ ಇರತೈತಿ."

ಆ ಕಾವಲುಗಾರನೇ ಒಮ್ಮೆ ಅವನಿಗೆ ಕೈಕೊಟ್ಟ. ಯಾರಿಗೆ ಯಾವ ಔಷಧ ಆಗಿಬರುವುದಿಲ್ಲ ಎಂದು ಬರೆಯಲು ಬೀರಪ್ಪ ಹೊಸ ಪಟ್ಟಿಯೊಂದನ್ನು ಸೇರಿಸಿದ್ದ. ಮಲ್ಲಮ್ಮ ಎಂಬ ಮುದುಕಿ ತನಗೆ ಆಗದ ಇಂಜೆಕ್ಷನ್ ಯಾವುದೆಂದು ಹೇಳಿದಳು. ನಾನು ಸೇರಿಸಿದೆ, ಪರದೆಯ ಮೇಲೆ ಕಂಡಿತು. ಮುಂದಿನ ಸಲ ಅವಳು ಜ್ವರ ಬಂದು ಮಾತೇ ಆಡಲಾಗದೆ ಬಂದಾಗ ಆ ಜಾಗ ಖಾಲಿ ಇತ್ತು. ನರ್ಸ್ ಅದೇ ಇಂಜೆಕ್ಷನ್ ಕೊಟ್ಟಳು. ಮುಖ ಬಾತು ಉಸಿರು ಸಿಕ್ಕಿಕೊಂಡಿತು. ಡಾಕ್ಟರು ಹೇಗೋ ಉಳಿಸಿಕೊಂಡರು.

ಬೀರಪ್ಪ ಓಡಿಬಂದು ಅವಳ ಕಾಲು ಹಿಡಿದ. "ಏ, ಬಿಡಪಾ. ಸೊಸಿಗೆ ಬೈಯೋದು ಇನ್ನೂ ಬಾಳ ಐತಿ, ಈಗೇ ಎಲ್ಲಿ ಸಾಯ್ಲಿ?" ಎಂದಳು ಮಲ್ಲಮ್ಮ. ನಾವೆಲ್ಲ ನಕ್ಕೆವು. ಅವನು ನಗಲಿಲ್ಲ.

ಸಂಜೆ ಕೌಂಟರಿನ ಪಕ್ಕ ಕೂತು ಹೇಳಿದ: "ಹಳೇ ಪಟ್ಟಿ ತಗದು ಹೊಸಾದು ಇಟ್ರ ಆ ಕಾವಲುಗಾರಗ ಗೊತ್ತಾಗತೈತ್ರಿ. ಅದೇ ಪಟ್ಟಿಯೊಳಗ ಒಂದು ಸೇರಿಸಿದ್ರ ಗೊತ್ತಾಗಂಗಿಲ್ಲ. ಹಟ್ಟಿ ಅಲ್ಲೇ ಐತಿ ಅಂತಾನ, ಒಳಗ ಹೋಗಿ ಕುರಿ ನೋಡಂಗಿಲ್ಲ. ನಮ್ಮಪ್ಪ ದಿನಾ ಒಂದೊಂದು ಕುರಿ ಮುಟ್ಟಿ ನೋಡ್ತಿದ್ದ. ನಾ ಮುಟ್ಟಲಿಲ್ಲ."

ತಪ್ಪು ಸರಿಪಡಿಸಿದ. ಅಷ್ಟಕ್ಕೇ ನೆಮ್ಮದಿಯಾಗದೆ ಪರದೆಗೆ ಒಂದು ಕಿಟಕಿ ಸೇರಿಸಿದ: ಒಂದು ಕಡೆ 'ಮೊದಲು', ಇನ್ನೊಂದು ಕಡೆ 'ಈಗ', ಕೆಳಗೆ 'ಉಳಿಸಲೇ?' ಪ್ರತಿ ಸಲವೂ 'ಹೌದು' ಒತ್ತಬೇಕು. "ಇದು ನಮ್ಮತ್ತಿಗಿಂತ ಹೆಚ್ಚು ಕೇಳತೈತಲ್ಲೋ!" ಎಂದು ನರ್ಸ್ ರೇಗುತ್ತಿದ್ದಳು. "ಕೇಳ್ಲಿ ಬಿಡ್ರಿ, ಕೇಳೋರು ಇರಬೇಕು," ಎನ್ನುತ್ತಿದ್ದ.

ಆ ಮೇಲೆ ಅವನ ನಗು ಕಡಿಮೆಯಾಯಿತು. ಕೆಲಸವಿಲ್ಲದಿದ್ದರೂ ಬಂದು ಹಳೆಯ ಹೆಸರುಗಳನ್ನು ಒಂದೊಂದೇ ತೆರೆದು ನೋಡುತ್ತಿದ್ದ. ಕಾಲರಿನಲ್ಲಿ ಕುತ್ತಿಗೆ ಸಡಿಲವಾಯಿತು, ಬೆಲ್ಟಿಗೆ ಹೊಸ ತೂತು ಬಿತ್ತು. ದಿನಾ ನೋಡುವವರ ಕಣ್ಣಿಗೆ ಅವನು ಅದೇ ಬೀರಪ್ಪ. ಚಹಾವನ್ನು ಮಾತ್ರ ಅರ್ಧಕ್ಕೇ ಬಿಡತೊಡಗಿದ್ದ. ಕಣ್ಣು ಹಳದಿಯಾದ ಮೇಲೆ ನಮ್ಮಲ್ಲೇ ಹೆಸರು ಬರೆಸಿದ. ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ತಡ ಮಾಡದೆ ರಾಯಚೂರಿಗೆ ಕಳಿಸಿದರು.

ಕಾರು ಹತ್ತುವಾಗ ಕೈ ಹಿಡಿದುಕೊಂಡ. "ಅಕ್ಕಾರ, ನನ್ನ ತೂಕ ಬರಕೊಂಡ್ರ್ಯಾ?"

"ಬರಕೊಂಡೀನಿ. ಬಂದ ಮ್ಯಾಲ ತಿದ್ದೋಣಂತ, ಹೋಗಿ ಬಾರಪಾ."

"ಹಾಂ, ತಿದ್ದರಿ," ಎಂದ. ಕಾರು ಕೃಷ್ಣೆಯ ಕಡೆ ಹೊರಟಿತು. ಹೊಳೆ ದಾಟಿ ಹೋದ ಬೀರಪ್ಪ ತಿರುಗಿ ಬರಲಿಲ್ಲ.

ಅವನ ಹೆಸರು ಮುಚ್ಚುವಂತೆ ಡಾಕ್ಟರು ಹೇಳಿದರು. ತೆರೆದು ತಿದ್ದಿದೆ. ಅವನದೇ ಕಿಟಕಿ ಎದ್ದು ಬಂತು.

ಮೊದಲು: ರಾಯಚೂರಿಗೆ ಕಳಿಸಲಾಗಿದೆ. ಈಗ: ತೀರಿಕೊಂಡಿದ್ದಾರೆ. ಉಳಿಸಲೇ?

ಬೆರಳು ಎತ್ತಿ ಹಿಡಿದೇ ಕೂತೆ. ನಾನು ಒತ್ತುವ ತನಕ ಒಳಗೆ ಅವನಿನ್ನೂ ರಾಯಚೂರಿನ ದಾರಿಯಲ್ಲೇ ಇದ್ದ. ಸಾಲಿನಲ್ಲಿ ನಿಂತ ಹೆಂಗಸೊಬ್ಬಳು ಮಗುವನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಿಸಿ, ಇನ್ನೂ ಎಷ್ಟು ಹೊತ್ತೆಂದು ತೆಲುಗಿನಲ್ಲಿ ಕೇಳಿದಳು: "ಇಂಕಾ ಎಂತಸೇಪು ಅಮ್ಮಾ?" ಮಗುವಿನ ಮೈ ಜ್ವರದಿಂದ ಕೆಂಪಾಗಿತ್ತು.

ಒತ್ತಿದೆ. ಪರದೆ ಮತ್ತೇನೂ ಕೇಳಲಿಲ್ಲ.