ವಂಕಿ ತೆಗೆಸಲು ಹೋದ ದಿನ

ಮಗಳು ಅಂಗನವಾಡಿಗೆ ಹೋಗತೊಡಗಿದ ಮೇಲೆ ನನ್ನ ವಂಕಿ ತೆಗೆಸಬೇಕೆಂದು ಮನೆಯಲ್ಲಿ ತೀರ್ಮಾನವಾಯಿತು. ಗರ್ಭ ನಿಲ್ಲದಂತೆ ಒಳಗೆ ಹಾಕುವ ಕಾಪರ್-ಟಿಗೆ ನಮ್ಮ ಕಡೆ ಈಗಲೂ ವಂಕಿ ಎನ್ನುತ್ತಾರೆ. ತೀರ್ಮಾನ ಗಂಡನದು ಮತ್ತು ಅತ್ತೆಯದು. ಮೊದಲ ಹೆರಿಗೆಗೆಂದು ಬಿಟ್ಟಿದ್ದ ಶಾಲೆಯ ಕೆಲಸ ಮತ್ತೆ ಸಿಕ್ಕು ವರ್ಷವೂ ಆಗಿರಲಿಲ್ಲ. ಆದರೂ ಬೇಡವೆನ್ನಲು ಬಾಯಿ ಬರಲಿಲ್ಲ.

ಬೈರಿದೇವರಕೊಪ್ಪದಲ್ಲಿ ಬಸ್ಸು ಹತ್ತಿದೆವು. ಅತ್ತೆ ನನ್ನನ್ನು ಕಿಟಕಿಯ ಪಕ್ಕ ಕೂರಿಸಿ ತಾವು ಹೊರಬದಿಗೆ ಕೂತರು. ಆಸ್ಪತ್ರೆಯಲ್ಲಿ ನರ್ಸ್ ಬಾಗಿಲಿಗೆ ಬಂದು, "ವಂಕಿ ತಗಸವ್ರು ಯಾರದೀರಿ? ಬರ್ರಿ," ಎಂದು ಕೂಗಿದಾಗ ಕೈ ಎತ್ತಿದವರೂ ಅವರೇ.

ಒಳಗೆ ಡಾಕ್ಟರಮ್ಮ ಕೇಳಿದರು, "ಇನ್ನೊಂದು ಕೂಸು ಬೇಕಾಗೇದೇನ್ರಿ?"

"ಮನ್ಯಾಗ ಬೇಕಂತಾರ್ರಿ."

"ನಾ ನಿಮ್ಮನ್ನ ಕೇಳಾಕತ್ತೇನಿ."

"ಬ್ಯಾಡ್ರಿ," ಎಂದೆ. ಡಾಕ್ಟರಮ್ಮ ವಂಕಿ ತೆಗೆಯದೆ ಕಳಿಸಿದರು. ಆ ಕೋಣೆಗೆ ಬೇರೆ ಬಾಗಿಲಿರಲಿಲ್ಲ. ಹೊರಗೆ ಬಂದು ಅತ್ತೆಗೆ, "ತಗಸಿಲ್ರಿ. ನನಗ ಬ್ಯಾಡ," ಎಂದೆ.

ಬೈಯುತ್ತಾರೆಂದುಕೊಂಡೆ. ಅವರು ರಟ್ಟೆ ಹಿಡಿದು ಮೂಲೆಯ ಬೆಂಚಿಗೆ ಕರೆದೊಯ್ದರು.

"ನಮ್ಮೂರಿಗೆ ನರ್ಸಬಾಯಿ ಬಂದು, ವಂಕಿ ಹಾಕ್ತೇವಿ ಬರ್ರಿ ಅಂದಿದ್ಲು. ಸರಕಾರದವರು ಹಡದವ್ರ ತೋಳಿಗೆ ಒಡವಿ ಹಾಕ್ತಾರ ಅಂತ ತಿಳದೆ ನಾ. ತೋಳು ತಿಕ್ಕಿ ತೊಳಕೊಂಡು ಹೋದೆ. ಎಲ್ಲಾರೂ ನಕ್ರು." ಸೆರಗನ್ನು ತೋಳಿನ ಮೇಲೆ ಎಳೆದುಕೊಂಡರು. "ಗೊತ್ತಾದ ಮ್ಯಾಲೆ, ಆತು, ಅದನ್ನs ಹಾಕಿಸ್ಕೋಬೇಕು ಅನಸ್ತು. ನಿಮ್ಮ ಮಾವ ಬಿಡ್ಲಿಲ್ಲ. ಮತ್ತ ಹಡದೆ, ಮತ್ತ ಹಡದೆ. ನೀ ಕನ್ನಡ ಕಲಸಾಕಿ, ಹೇಳು. ಅದಕ್ಕ್ಯಾಕ ಒಡವಿ ಹೆಸರು ಇಟ್ರು?"

ಗೊತ್ತಿದ್ದಷ್ಟು ಹೇಳಿದೆ. ವಂಕ ಅಂದರೆ ಡೊಂಕು, ವಕ್ರ ಅನ್ನುವ ಮಾತಿನ ಬಳಗ. ತೋಳಿನ ಒಡವೆ ಬಾಗಿದೆ, ಅದಕ್ಕೆ ವಂಕಿ. ಮೊದಮೊದಲು ಬಂದ ಈ ಸಾಧನವೂ ಬಳುಕಿದ ಕೊಕ್ಕೆಯ ಹಾಗಿತ್ತಂತೆ, ಅದಕ್ಕೇ ಆ ಹೆಸರು ಅಂಟಿರಬೇಕು. ಆಕಾರ ಬದಲಾದರೂ ಹೆಸರು ಹೋಗಲಿಲ್ಲ.

"ಡೊಂಕು," ಎಂದರು ಅತ್ತೆ. "ಬಂಗಾರಂತ ಹೋಗಿದ್ದೆ ನಾ."

ಮನೆಗೆ ಬಂದಾಗ ಗಂಡ ಕೇಳಿದರು, "ತಗಸಿದ್ರೇನು?"

"ಹೂಂ, ಆತು," ಎಂದರು ಅತ್ತೆ, ನನ್ನ ಕಡೆ ನೋಡದೆ.

ಅಂದಿನಿಂದ ಪ್ರತಿ ತಿಂಗಳೂ ಗಂಡ ನನ್ನ ಮುಖ ನೋಡುತ್ತಾರೆ. "ಅವಸರ ಯಾಕೋ?" ಎಂದು ಅತ್ತೆ ಅಡುಗೆಮನೆಯಿಂದಲೇ ಮಗನಿಗೆ ಹೇಳುತ್ತಾರೆ. ನಾನು ಅತ್ತೆ ಇಬ್ಬರೇ ಇರುವಾಗ ಆ ಮಾತು ಎತ್ತುವುದಿಲ್ಲ. ಎತ್ತಿದರೆ ಮುಂದೇನು ಎಂದು ಇಬ್ಬರಿಗೂ ಗೊತ್ತಿಲ್ಲ. ಬಸಿರು ಯಾಕೆ ನಿಲ್ಲುತ್ತಿಲ್ಲವೆಂದು ಈಗ ಗಂಡ ದೊಡ್ಡ ಆಸ್ಪತ್ರೆಯಲ್ಲಿ ನನ್ನನ್ನು ತೋರಿಸಲು ರಜೆ ಹಾಕಿದ್ದಾರೆ. ಸೋಮವಾರ ತಾವೂ ಜೊತೆಗೆ ಬರುತ್ತಾರಂತೆ.